ಕೀಟನಾಶಕದ ಶೇಷ ಪತ್ತೆಗೆ ಚಿನ್ನ ಲೇಪಿಸಿದ ಗಾಜಿನ ಎಳೆ

ಬೆಳೆಗೆ ಸಿಂಪಡಿಸಿದ ಔಷಧಿಯ ಸ್ವಲ್ಪ ಭಾಗ ಕಾಯಿ, ಹಣ್ಣು ಮತ್ತು ಸೊಪ್ಪಿನಲ್ಲಿ ಉಳಿಯುತ್ತದೆ. ಇದಕ್ಕೆ ಶೇಷಾಂಶ ಎನ್ನುತ್ತಾರೆ. ಅದನ್ನು ನೋಡಿಯಾಗಲಿ, ಮೂಸಿಯಾಗಲಿ ಗುರುತಿಸಲಾಗದು. 2010ರಲ್ಲಿ ಭಾರತದಿಂದ ಯುರೋಪಿಗೆ ಕಳುಹಿಸಿದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಮಿತಿ ಮೀರಿದ್ದರಿಂದ ಮಾಲು ತಿರಸ್ಕೃತವಾಯಿತು. ಬೆಳೆಗಾರರು ನಷ್ಟಕ್ಕೆ ಒಳಗಾದರು.

ಶೇಷಾಂಶ ಅಳೆಯಲು ದುಬಾರಿ ಉಪಕರಣಗಳುಳ್ಳ ಪ್ರಯೋಗಾಲಯ ಮತ್ತು ತರಬೇತಿ ಪಡೆದ ಸಿಬ್ಬಂದಿ ಬೇಕು. ಸಣ್ಣ ಸಾಧನದಿಂದ ಬೇಗನೆ ಪರೀಕ್ಷಿಸುವ ಪ್ರಯತ್ನಗಳಲ್ಲಿ ಆಪ್ಟಿಕಲ್ ಫೈಬರ್ ಸಂವೇದಕವೂ ಒಂದು.

ಗಾಜಿನ ಎಳೆ

ಆಪ್ಟಿಕಲ್ ಫೈಬರ್ ಎಂದರೆ ಕೂದಲಿನಂತಹ ತೆಳುವಾದ ಗಾಜಿನ ಎಳೆ. ಒಳಗಿನ ತಿರುಳಿನ ಸುತ್ತ ಬೇರೊಂದು ಬಗೆಯ ಗಾಜಿನ ಹೊದಿಕೆ ಇರುತ್ತದೆ. ಕಾಲುವೆಯ ನೀರು ದಂಡೆ ದಾಟದೆ ಹರಿಯುವಂತೆ, ಬೆಳಕು ಈ ಹೊದಿಕೆಗೆ ತಾಗಿ ಮತ್ತೆ ಒಳಕ್ಕೇ ಮರಳುತ್ತಾ ಸಾಗುತ್ತದೆ. ಎಳೆಯ ಒಂದು ಭಾಗದಲ್ಲಿ ಹೊದಿಕೆ ತೆಗೆದರೆ, ಅಲ್ಲಿ ಹೊರಗಿನ ವಸ್ತುವಿನ ಪ್ರಭಾವ ಬೆಳಕಿನ ಮೇಲೆ ಬೀಳುತ್ತದೆ.

ಚಿನ್ನದ ಲೇಪನ ಏಕೆ?

ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಸುಮಾರು 20 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು ನೀರಿನಲ್ಲಿ ಹಳದಿಯಾಗಿ ಕಾಣದೆ ಮಾಣಿಕ್ಯದಂತೆ ಕೆಂಪಾಗಿ ಕಾಣುತ್ತವೆ. ಈ ಕೆಂಪಿಗೆ ಚಿನ್ನದ ಅತಿ ಸೂಕ್ಷ್ಮ ಕಣಗಳೇ ಕಾರಣವೆಂದು ಮೈಕೆಲ್ ಫ್ಯಾರಡೆ 1857ರಲ್ಲಿ ವಿವರಿಸಿದರು. ಇಂತಹ ಕಣಗಳು ಹಸಿರು ಬೆಳಕನ್ನು ಹೆಚ್ಚಾಗಿ ಹೀರುತ್ತವೆ. ಕಣದ ಮೈಗೆ ಬೇರೆ ವಸ್ತು ಅಂಟಿದರೆ ಹೀರುವ ಪ್ರಮಾಣವೂ ಬಣ್ಣವೂ ಬದಲಾಗುತ್ತವೆ.

ಬೆಳ್ಳಿಯ ಕಣಗಳು ಇನ್ನೂ ಸೂಕ್ಷ್ಮವಾದರೂ, ಮನೆಯ ಬೆಳ್ಳಿ ದೀಪದಂತೆ ಗಾಳಿಗೆ ಕಪ್ಪಾಗುತ್ತವೆ. ಚಿನ್ನಕ್ಕೆ ಈ ದೋಷವಿಲ್ಲ.

ತಯಾರಿಕೆ ಮತ್ತು ಕೆಲಸದ ಕ್ರಮ

1. ಚಿನ್ನದ ಲವಣದ ದ್ರಾವಣವನ್ನು ಕುದಿಸಿ, ಸಿಟ್ರೇಟ್ ಬೆರೆಸಿ ಕಣಗಳನ್ನು ಪಡೆಯಲಾಗುತ್ತದೆ.

2. ಹೊದಿಕೆ ತೆಗೆದ ಎಳೆಯನ್ನು ತೊಳೆದು, ಕಣಗಳು ಹಿಡಿದುಕೊಳ್ಳುವಂತೆ ಸಿಲೇನ್ ಎಂಬ ರಾಸಾಯನಿಕ ಹಚ್ಚಿ, ಚಿನ್ನದ ದ್ರಾವಣದಲ್ಲಿ ಅದ್ದಲಾಗುತ್ತದೆ.

3. ಚಿನ್ನದ ಮೇಲೆ ಅಸಿಟೈಲ್‌ಕೊಲೀನ್‌ಎಸ್ಟರೇಸ್ ಎಂಬ ಕಿಣ್ವವನ್ನು ಕೂರಿಸಲಾಗುತ್ತದೆ. ಇದು ಕೀಟದ ಮತ್ತು ಮನುಷ್ಯನ ನರಗಳಲ್ಲಿಯೂ ಇರುವ ಕಿಣ್ವ.

4. ಕಿಣ್ವಕ್ಕೆ ಅಸಿಟೈಲ್‌ಕೊಲೀನ್ ಒದಗಿಸಿದರೆ ಅದನ್ನು ಒಡೆಯುತ್ತದೆ. ಆಗುವ ಬದಲಾವಣೆ ಎಳೆಯ ಬೆಳಕಿನಲ್ಲಿ ತೋರುತ್ತದೆ. ಮಾದರಿಯಲ್ಲಿ ಆರ್ಗನೋಫಾಸ್ಫೇಟ್ ಕೀಟನಾಶಕವಿದ್ದರೆ ಕಿಣ್ವ ಕುಂಠಿತವಾಗಿ ಬದಲಾವಣೆ ತಗ್ಗುತ್ತದೆ. ತಗ್ಗಿದಷ್ಟೂ ಶೇಷ ಹೆಚ್ಚು ಎಂದರ್ಥ.

ಇದೇ ತತ್ತ್ವದಿಂದ ಪ್ಯಾರಾಕ್ಸಾನ್ ಎಂಬ ಆರ್ಗನೋಫಾಸ್ಫೇಟನ್ನು ಅಳೆದ ಪ್ರಯೋಗವನ್ನು ತೈವಾನಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದರು.

ಇತಿಮಿತಿಗಳು

ಕಾರ್ಬಮೇಟ್ ಗುಂಪಿನ ಔಷಧಿಗಳೂ ಇದೇ ಕಿಣ್ವವನ್ನು ತಡೆಯುತ್ತವೆ. ಆದ್ದರಿಂದ ಇಂತಹ ಸಂವೇದಕ ವಿಷವಿದೆ ಎನ್ನಬಲ್ಲದು. ಯಾವ ವಿಷ ಎಂದು ಹೇಳಲಾರದು. ಶಾಖ ಹೆಚ್ಚಾದರೆ ಕಿಣ್ವ ಕೆಡುತ್ತದೆ. ಕಿಣ್ವವನ್ನು ತಡೆಯದ ರಾಸಾಯನಿಕ ಇದಕ್ಕೆ ಸಿಗುವುದೇ ಇಲ್ಲ. 2010ರಲ್ಲಿ ದ್ರಾಕ್ಷಿ ಬೆಳೆಗಾರರನ್ನು ಕಾಡಿದ ಕ್ಲೋರ್ಮೆಕ್ವಾಟ್ ಕೀಟನಾಶಕವಲ್ಲ. ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಚಿನ್ನ ಬೆಳಕಿನ ಬದಲಾವಣೆಯನ್ನು ಎತ್ತಿ ತೋರಿಸುತ್ತದೆ. ಯಾವುದನ್ನು ಹಿಡಿಯಬೇಕೆಂಬುದು ಅದರ ಮೇಲಿನ ಕಿಣ್ವದ ಕೆಲಸ.

ರೈತರು ಗಮನಿಸಬೇಕಾದ ಅಂಶಗಳು

1. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ವಿಷದ ತೀವ್ರತೆಯನ್ನಷ್ಟೇ ತಿಳಿಸುತ್ತದೆ. ಹಸಿರು ಇದ್ದರೂ ಶೇಷ ಉಳಿಯಬಹುದು.

2. ಕೊನೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ಚೀಟಿಯಲ್ಲಿ ತಿಳಿಸಿದಷ್ಟು ದಿನ ಬಿಡಬೇಕು.

3. ಔಷಧಿಯ ಹೆಸರು, ಪ್ರಮಾಣ ಮತ್ತು ಸಿಂಪಡಿಸಿದ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು. ಬೆಳವಣಿಗೆ ನಿಯಂತ್ರಕಗಳನ್ನೂ ಬಿಡಬಾರದು. ಯಾವ ಪರೀಕ್ಷೆ ಮಾಡಿಸಬೇಕೆಂದು ಇದರಿಂದ ತಿಳಿಯುತ್ತದೆ.

4. ರಫ್ತು ಮಾಡುವವರು ಕೊಯ್ಲಿಗೆ ಮುನ್ನವೇ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾದರಿ ಪರೀಕ್ಷಿಸಬೇಕು.

ಪರೀಕ್ಷೆ ಎಷ್ಟೇ ಸೂಕ್ಷ್ಮವಾದರೂ ಅದು ಇರುವ ಶೇಷವನ್ನು ತೋರಿಸುತ್ತದೆಯೇ ಹೊರತು ತೆಗೆಯಲಾರದು. ಶೇಷ ಉಳಿಯದಂತೆ ನೋಡಿಕೊಳ್ಳುವ ಕೆಲಸ ಹೊಲದಲ್ಲೇ ಆಗಬೇಕು.