ತಿಳಿದು ಕೊಡುವ ಒಪ್ಪಿಗೆ

ವಿದ್ಯಾರ್ಥಿಗಳೇ, ಒಂದೇ ಔಷಧ ಎಲ್ಲರ ದೇಹದಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಇದಕ್ಕೆ ನಮ್ಮ ಜೀನುಗಳಲ್ಲಿರುವ ವ್ಯತ್ಯಾಸವೂ ಒಂದು ಕಾರಣ.

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಸ್ನಾಯುಗಳನ್ನು ಸಡಿಲಗೊಳಿಸಲು ವೈದ್ಯರು ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಡುವುದುಂಟು. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವು ಅದನ್ನು ಒಡೆಯುವುದರಿಂದ ಕೆಲವೇ ನಿಮಿಷಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಈ ಕಿಣ್ವದ ತೀವ್ರ ಕೊರತೆಯಿರುವವರಲ್ಲಿ ಪ್ರಭಾವ ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತು ಅವರಿಗೆ ಯಂತ್ರದಿಂದ ಉಸಿರಾಟ ನಡೆಸಬೇಕಾಗುತ್ತದೆ. ಮೊದಲೇ ತಿಳಿದಿದ್ದರೆ ವೈದ್ಯರು ಬೇರೆ ಔಷಧ ಬಳಸುತ್ತಾರೆ. ನಿತ್ಯಜೀವನದಲ್ಲಿ ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ.

ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳ ಪೇಟೆಗಳಲ್ಲಿ ಆರ್ಯವೈಶ್ಯ ಕುಟುಂಬಗಳನ್ನು ನೀವು ಬಲ್ಲಿರಿ. ಈ ಸಮುದಾಯದಲ್ಲಿ ಈ ಕೊರತೆ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಇದಕ್ಕೆ ಕಾರಣವಾದ ಜೀನಿನ ಬದಲಾವಣೆಯೊಂದನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ತಮ್ಮೊಳಗೇ ಮದುವೆ ಸಂಬಂಧ ಬೆಳೆಸುವ ಯಾವ ಸಮುದಾಯದಲ್ಲಾದರೂ ಇಂಥ ಒಂದೊಂದು ಗುಣ ತಲೆಮಾರುಗಳವರೆಗೆ ಉಳಿದು ಬರಬಹುದು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಇಂತಹ ವಿಷಯ ತಿಳಿಯಬೇಕಾದರೆ ಜನರು ರಕ್ತ ಕೊಡಬೇಕು. ಆದರೆ ಒಬ್ಬರ ಜೀನು ಅವರ ಒಡಹುಟ್ಟಿದವರ ಮತ್ತು ಮಕ್ಕಳ ವಿಷಯವನ್ನೂ ಹೇಳುತ್ತದೆ. ಆದ್ದರಿಂದ ಇಲ್ಲಿ ಎಚ್ಚರ ಹೆಚ್ಚು ಬೇಕು. ಅಮೆರಿಕದ ಅರಿಜೋನಾದಲ್ಲಿ ಹವಸುಪೈ ಬುಡಕಟ್ಟಿನವರು 1990ರಿಂದ ಸಿಹಿಮೂತ್ರ ರೋಗದ ಅಧ್ಯಯನಕ್ಕೆಂದು ರಕ್ತ ಕೊಟ್ಟರು. ಅದು ಮಾನಸಿಕ ರೋಗ, ವಲಸೆ ಮೊದಲಾದ ಅಧ್ಯಯನಗಳಿಗೂ ಬಳಕೆಯಾಯಿತು. ಅವರು ನ್ಯಾಯಾಲಯದ ಮೊರೆಹೊಕ್ಕರು. 2010ರಲ್ಲಿ ನಡೆದ ರಾಜಿಯಂತೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯು 7 ಲಕ್ಷ ಡಾಲರ್ ಪರಿಹಾರ ನೀಡಿತು. ರಕ್ತದ ಮಾದರಿಗಳನ್ನೂ ಹಿಂದಿರುಗಿಸಲಾಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಏನು ಹೇಳುತ್ತದೆ? ಸಂಶೋಧನೆಯ ಉದ್ದೇಶ, ಲಾಭ, ಅಪಾಯಗಳನ್ನು ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದವರಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿ ಇರಬೇಕು. ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆಯ ಜೊತೆಗೆ, 7 ವರ್ಷ ಮೀರಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಒಪ್ಪಿದವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ಅವರ ಚಿಕಿತ್ಸೆಗೆ ಅಡ್ಡಿಯಾಗಬಾರದು.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ಊರು ನಮ್ಮದು. ಅಜ್ಜಿಯ ಕೈಗೆ ಇಂಗ್ಲಿಷಿನ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾದೀತೇ? ಆಗ ಓದು ಬಲ್ಲ ನೀವು ಪಕ್ಕದಲ್ಲಿದ್ದು, ಅದನ್ನು ಕನ್ನಡದಲ್ಲಿ ತಿಳಿಸಿ ಹೇಳುವಂತೆ ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ಅಭ್ಯಾಸ
1. ಹವಸುಪೈ ಜನರು ನ್ಯಾಯಾಲಯಕ್ಕೆ ಹೋಗಲು ಕಾರಣವೇನು?
2. ರಕ್ತದ ಮಾದರಿ ಕೊಡುವ ಮೊದಲು ನೀವು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಬರೆಯಿರಿ.