ಚೀನಾಕ್ಕೆ ಹೊರಡುವ ಮುನ್ನ ಹಲಸಿಯಲ್ಲಿ

ಖಾನಾಪುರದಿಂದ ನಂದಗಡದ ರಸ್ತೆ ಹಿಡಿದು ಹೋದರೆ ಹಲಸಿ. ಊರಿನ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ನಡುವಿನ ಮಂಟಪದಲ್ಲಿ ನಿಂತು ಒಂದಕ್ಕೆ ಕೈಮುಗಿದವರು ಇನ್ನೊಂದಕ್ಕೆ ಬೆನ್ನು ಮಾಡಲೇಬೇಕು. ಗೋವೆಯ ಕದಂಬರು ಆಳುತ್ತಿದ್ದ 12ನೆಯ ಶತಮಾನದ ಗುಡಿ ಇದು. 2019ರ ಸೆಪ್ಟೆಂಬರಿನಲ್ಲಿ ಅದೇ ಮಂಟಪದಲ್ಲಿ ಕುಳಿತಿದ್ದಾಗ ನನ್ನ ಚೀಲದಲ್ಲಿ ಕುಂಕುಮ, ಕಾಯಿಯ ಜೊತೆಗೆ ಹ್ಯೂಯೆನ್ ತ್ಸಾಂಗನ ಪ್ರವಾಸ ಕಥನವೂ ಇತ್ತು. ಇನ್ನೆರಡು ತಿಂಗಳಿಗೆ ಚೀನಾ ಪ್ರವಾಸ. ಬೆಳಗಾವಿಯ ಏಳು ಮಂದಿ, ಎಲ್ಲರೂ ನಿವೃತ್ತಿಯ ಆಸುಪಾಸಿನವರು. ವೀಸಾ ಒಬ್ಬರಿಗೆ, ಟಿಕೆಟು ಒಬ್ಬರಿಗೆ, ಊಟದ ವಿಚಾರಣೆ ಇನ್ನೊಬ್ಬರಿಗೆ ಎಂದು ಹಂಚಿಕೊಂಡಾಗ ಅಲ್ಲಿನ ಧರ್ಮ ಮತ್ತು ಸಂಸ್ಕೃತಿಯನ್ನು ಓದಿ ಉಳಿದವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಓದು ಶುರುವಾದದ್ದು ಜೂನ್‌ನಲ್ಲಿ, ಖಾನಾಪುರದ ಕಾಡಿನಿಂದ ನೇರಳೆ ಹಣ್ಣು ಬುಟ್ಟಿಗಟ್ಟಲೆ ಪೇಟೆಗೆ ಬರುವ ಹೊತ್ತಿಗೆ. ಮೊದಲು ಕೈಗೆ ಸಿಕ್ಕದ್ದು ಜಿ.ಪಿ. ರಾಜರತ್ನಂ ಅವರ ‘ಚೀನಾ ದೇಶದ ಬೌದ್ಧ ಯಾತ್ರಿಕರು’. ರತ್ನನ ಪದಗಳ ರಾಜರತ್ನಂ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತರಲು ಎಷ್ಟು ದುಡಿದಿದ್ದರು ಎಂಬುದು ಆಗಲೇ ನನಗೆ ಸರಿಯಾಗಿ ಗೊತ್ತಾದದ್ದು. ಅಲ್ಲಿಂದ ಮುಂದೆ ಸ್ಯಾಮ್ಯುಯೆಲ್ ಬೀಲ್ 1884ರಲ್ಲಿ ಇಂಗ್ಲಿಷಿಗೆ ತಂದ ಹ್ಯೂಯೆನ್ ತ್ಸಾಂಗನ ಕಥನ. ಹತ್ತು ಪುಸ್ತಕಗಳನ್ನು ಮೇಲೆ ಮೇಲೆ ತಿರುವಿ ಹಾಕುವ ಬದಲು ಒಬ್ಬ ಯಾತ್ರಿಕನ ಹಿಂದೆಯೇ ಹೋಗುವುದು ಎಂದು ಆಗ ನಿರ್ಧರಿಸಿದೆ. ಈ ಇಡೀ ಸಿದ್ಧತೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದು.

ಈ ಭಿಕ್ಷು ಚೀನಾ ಬಿಟ್ಟದ್ದು 629ರ ಸುಮಾರಿಗೆ, ಅದೂ ಅರಸನ ಅಪ್ಪಣೆಯಿಲ್ಲದೆ, ಕದ್ದು. ಗೋಬಿ ಮರುಭೂಮಿಯಲ್ಲಿ ಕುಡಿಯುವ ನೀರು ಚೆಲ್ಲಿಹೋಗಿ ಸಾವಿನ ಬಾಗಿಲು ಮುಟ್ಟಿ ಬಂದ. ನಾಲಂದಾದಲ್ಲಿ ಓದಿದ, ದಕ್ಷಿಣಕ್ಕೆ ಕಂಚಿಯವರೆಗೆ ಇಳಿದ. 645ರಲ್ಲಿ ಊರಿಗೆ ಮರಳುವಾಗ ಅವನೊಂದಿಗೆ 657 ಗ್ರಂಥಗಳಿದ್ದವು. ಉಳಿದ 19 ವರ್ಷ, 664ರಲ್ಲಿ ಸಾಯುವವರೆಗೂ, ಅವುಗಳ ಅನುವಾದದಲ್ಲೇ ಕಳೆದ.

ಕೆಲವು ಶಬ್ದಗಳನ್ನು ಅನುವಾದಿಸಬಾರದು, ಧ್ವನಿಯನ್ನಷ್ಟೇ ಚೀನೀ ಲಿಪಿಗೆ ಇಳಿಸಬೇಕು ಎಂದು ಅವನು ಐದು ಕಾರಣ ಕೊಟ್ಟಿದ್ದನಂತೆ. ನಂತರದ ಚೀನೀ ಗ್ರಂಥಕಾರರು ಅದನ್ನು ಬರೆದಿಟ್ಟಿದ್ದಾರೆ. ‘ಪ್ರಜ್ಞಾ’ ಎಂಬುದನ್ನು ಗೌರವಕ್ಕಾಗಿ ಹಾಗೇ ಉಳಿಸಿಕೊಳ್ಳಬೇಕು. ಬರೀ ‘ಬುದ್ಧಿ’ ಎಂದರೆ ಅದರ ತೂಕ ಇಳಿಯುತ್ತದೆ. ‘ಜಂಬೂ’ ಎಂಬುದನ್ನೂ ಉಳಿಸಿಕೊಳ್ಳಬೇಕು, ಯಾಕೆಂದರೆ ಆ ಮರ ಚೀನಾದಲ್ಲಿಲ್ಲ. ಜಂಬೂ ಎಂದರೆ ನಮ್ಮ ನೇರಳೆ. ಪೂಜೆಯ ಸಂಕಲ್ಪದಲ್ಲಿ ‘ಜಂಬೂದ್ವೀಪ’ ಎಂದು ಎಷ್ಟು ಸಲ ಕೇಳಿದ್ದೆನೋ, ಅದರೊಳಗೊಂದು ಮರವಿದೆ ಎಂದು ಯೋಚಿಸಿರಲಿಲ್ಲ. ನಾಲಿಗೆ ನೇರಳೆ ಬಣ್ಣವಾಗಿರುವಾಗ ಆ ಪುಟ ಓದಿದ್ದು ಇವತ್ತಿಗೂ ನೆನಪಿದೆ.

ಕಥನದ ದಕ್ಷಿಣದ ಭಾಗಕ್ಕೆ ಬಂದಾಗ ಮೈ ನೆಟ್ಟಗಾಯಿತು. ಕೊಂಕಣಪುರ ಎಂಬ ನಾಡಿಗೆ ಅವನು ಬರುತ್ತಾನೆ. ಅಲ್ಲಿ ತಾಳೆಯ ವನ, ಉದ್ದನೆಯ ಹೊಳೆಯುವ ಗರಿಗಳು, ಎಲ್ಲ ದೇಶಗಳವರೂ ಬರೆಯಲು ಬಳಸುವುದು ಅದನ್ನೇ. ನೂರಕ್ಕೂ ಹೆಚ್ಚು ವಿಹಾರಗಳು, ಸುಮಾರು 10,000 ಭಿಕ್ಷುಗಳು. ಅಲ್ಲಿಂದ ದಟ್ಟ ಕಾಡು ದಾಟಿ ವಾಯವ್ಯಕ್ಕೆ ಹೋದರೆ ಮಹಾರಾಷ್ಟ್ರವೆಂದು ಅವನು ಕರೆಯುವ ರಾಜ್ಯ. ಅದರ ಅರಸ ಪುಲಕೇಶಿ, ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ. ಜನ ಎತ್ತರದ ಆಳುಗಳು, ಉಪಕಾರ ಮರೆಯದವರು, ಅವಮಾನ ಸಹಿಸದವರು. ಸೋತು ಬಂದ ದಂಡನಾಯಕನಿಗೆ ಶಿಕ್ಷೆಯಿಲ್ಲ, ಹೆಂಗಸರ ಉಡುಪು ಕೊಡುತ್ತಾರೆ. ಆನೆಗಳಿಗೆ ಮದ್ಯ ಕುಡಿಸಿ ಯುದ್ಧಕ್ಕೆ ಬಿಡುತ್ತಾರೆ. ಹರ್ಷವರ್ಧನ ಇವರನ್ನು ಗೆಲ್ಲಲಾಗಲಿಲ್ಲ. 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಹೊಗಳಿ ಬರೆಸಿದ್ದ ಗೆಲುವನ್ನೇ, ಕೆಲವೇ ವರ್ಷಗಳ ನಂತರ, ಪುಲಕೇಶಿಯ ಹಂಗಿಲ್ಲದ ಪರದೇಶಿಯೊಬ್ಬ ತನ್ನ ಪುಸ್ತಕದಲ್ಲಿ ಖಚಿತಪಡಿಸುತ್ತಾನೆ.

ತಪ್ಪು ಮಾಡಿದ್ದು ಇಲ್ಲಿಯೇ. ದಟ್ಟ ಕಾಡು, ವಾಯವ್ಯ ದಿಕ್ಕು, ಕದಂಬರ ನಾಡು. ನಕಾಶೆಯ ಮೇಲೆ ಬೆರಳಿಟ್ಟು ಎಳೆದರೆ ಗೆರೆ ಖಾನಾಪುರದ ಮೇಲೇ ಹೋಗುವಂತಿತ್ತು. ಮನೆಗೆ ಬಂದವರಿಗೆಲ್ಲ ಹ್ಯೂಯೆನ್ ತ್ಸಾಂಗ್ ಹಲಸಿಯ ಮೇಲೆಯೇ ಹಾದುಹೋಗಿದ್ದಾನೆ ಎಂದು ಹೇಳತೊಡಗಿದೆ. ನಂದಗಡದ ನಮ್ಮ ಕಾಕಾ ಒಬ್ಬರೇ ಒಪ್ಪಲಿಲ್ಲ.

“ಎಲ್ಲಿ ಐತೆವ್ವಾ? ಪುಟ ತಗದು ತೋರಸು, ನೋಡೂಣು.”

ಪುಟ ಇರಲಿಲ್ಲ. ಕೊಂಕಣಪುರ ಬನವಾಸಿಯೆಂದು ಕೆಲವು ವಿದ್ವಾಂಸರು, ಆನೆಗೊಂದಿಯೆಂದು ಕನ್ನಿಂಗ್‌ಹ್ಯಾಮ್. ವಾದ ಇನ್ನೂ ಮುಗಿದಿಲ್ಲ. ಹಲಸಿಯ ಹೆಸರು ಯಾತ್ರಿಕನ ಕಥನದಲ್ಲಿ ಎಲ್ಲಿಯೂ ಇಲ್ಲ. ಊರಿನ ಮೇಲಿನ ಪ್ರೀತಿ ಪುಸ್ತಕದೊಳಗೆ ನುಗ್ಗಿ ಇಲ್ಲದ ಸಾಲು ಬರೆದಿತ್ತು.

“ಅವನ ಪುಸ್ತಕದಾಗ ಹುಡುಕೂದು ಬಿಡು. ಹಲಸಿ ತನ್ನ ಬಗ್ಗೆ ತಾನ ಏನ ಬರದೈತಿ, ಅದನ್ನ ಓದೀಯೇನ?” ಎಂದರು ಕಾಕಾ. ಓದಿರಲಿಲ್ಲ.

ಹಲಸಿಯ ಹಳೆಯ ಹೆಸರು ಪಲಾಶಿಕಾ. ಪಲಾಶ ಎಂದರೆ ಮುತ್ತುಗ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿತ್ತು. 1860ರ ಸುಮಾರಿಗೆ ಊರ ಹೊರಗೆ, ನಂದಗಡದ ದಾರಿಯಲ್ಲಿ, ಚಕ್ರತೀರ್ಥವೆಂಬ ಸಣ್ಣ ಬಾವಿಯ ಹತ್ತಿರದ ದಿಬ್ಬದಲ್ಲಿ ಏಳು ತಾಮ್ರಪಟಗಳ ಕಟ್ಟುಗಳು ಸಿಕ್ಕವು. ಅವುಗಳನ್ನು ಓದಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್, ಇದೇ ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬರೆದುಕೊಂಡು ಅಚ್ಚು ಹಾಕಿಸಿದ ಅಧಿಕಾರಿ.

ಆ ಪಟಗಳಲ್ಲಿ ಬೌದ್ಧರನ್ನು ಹುಡುಕುತ್ತ ಹೋದವಳಿಗೆ ಸಿಕ್ಕವರು ಜೈನರು. 5ನೆಯ ಶತಮಾನದ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟಿದ್ದಾನೆ. ಮೃಗೇಶವರ್ಮ ತೀರಿಹೋದ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಪಂಥಗಳಿಗೆ ಬಿಟ್ಟಿದ್ದಾನೆ. ರವಿವರ್ಮ ಕಾರ್ತಿಕದಲ್ಲಿ ಎಂಟು ದಿನದ ಜಿನೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟ ಸಿಗಬೇಕು ಎಂದು ಆಜ್ಞೆ ಮಾಡಿದ್ದಾನೆ. ಹೀಗೆ ಜೈನರಿಗೆ ದಾನ ಕೊಟ್ಟ ಈ ಅರಸರು ತಮ್ಮನ್ನು ಕರೆದುಕೊಳ್ಳುವುದು ಮಹಾಸೇನನನ್ನೂ ಮಾತೃಗಣವನ್ನೂ ಧ್ಯಾನಿಸುವವರೆಂದು. ಮಹಾಸೇನ ಎಂದರೆ ಸ್ಕಂದ, ನಮ್ಮ ಷಣ್ಮುಖ.

ಬೇಕಾದ್ದು ಸಿಗಲಿಲ್ಲವೆಂಬ ಬೇಸರ ಎರಡು ದಿನ ಇತ್ತು. ಆಮೇಲೆ ಕಣ್ಣು ತೆರೆಯಿತು. ಒಂದೇ ಊರಿನಲ್ಲಿ ಮೂರು ಪಂಥದ ಸನ್ಯಾಸಿಗಳು, ಇನ್ನೊಂದು ದೇವರನ್ನು ನೆನೆಯುವ ಅರಸ, ತಂದೆಯ ನೆನಪಿಗೆ ಗುಡಿ, ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ಯತಿಗಳಿಗೆ ಅನ್ನ. ಚೀನಾದ ಬೌದ್ಧಧರ್ಮವನ್ನು ತಿಳಿಯಲು ಬೇಕಿದ್ದ ಪಾಠಗಳು ಇವೇ.

ಆ ನಡುವೆ ಒಂದು ದಿನ ಮುಂಡಗೋಡಕ್ಕೆ ಹೋಗಿ ಬಂದೆ. 1966ರಿಂದ ಅಲ್ಲಿರುವ ಟಿಬೆಟಿಯನ್ ನೆಲೆಯಲ್ಲಿ ಗಾಂದೆನ್, ದ್ರೆಪುಂಗ್ ಮಠಗಳಿವೆ. ಅಂಗಳದಲ್ಲಿ ತರುಣ ಭಿಕ್ಷುಗಳು ತರ್ಕಕ್ಕೆ ಕೂತಿದ್ದರು. ಕೇಳುವವನು ನಿಂತು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿದು ಪ್ರಶ್ನೆ ಹಾಕುತ್ತಾನೆ, ಕುಳಿತವನು ತಡಮಾಡದೆ ಉತ್ತರಿಸಬೇಕು. ಚಹಾದಂಗಡಿಯ ಹಿರಿಯರೊಬ್ಬರ ಹತ್ತಿರ “ಚೀನಾಕ್ಕೆ ಹೋಗ್ತಾ ಇದ್ದೇನಿ, ಬೌದ್ಧಧರ್ಮ ನೋಡಾಕ” ಎಂದೆ. ಅವರು ಲೋಟ ಕೆಳಗಿಟ್ಟು ಸುಮ್ಮನಾದರು. ಎಷ್ಟೋ ಹೊತ್ತಿನ ಮೇಲೆ, ತಾವು ಎಷ್ಟನೆಯ ವಯಸ್ಸಿನಲ್ಲಿ ಗಡಿ ದಾಟಿ ಬಂದದ್ದು ಎಂದಷ್ಟೇ ಹೇಳಿದರು. ಟಿಬೆಟಿನ ಧರ್ಮಪರಂಪರೆ ಬೇರೆ, ಚೀನಾದ್ದು ಬೇರೆ ಎಂದು ಓದಿ ತಿಳಿದಿದ್ದೆ. 1959ರಲ್ಲಿ ಮನೆ ಕಳೆದುಕೊಂಡವರ ಎದುರು ಯಾವ ಮಾತನ್ನು ಹೇಗೆ ಆಡಬೇಕೆಂಬುದನ್ನು ಮಾತ್ರ ಆ ಮೌನದಿಂದಲೇ ಕಲಿತೆ.

ಉಳಿದ ತಿಂಗಳು ಚೀನಾದ ಮನೆಯನ್ನು ಓದಿದೆ. ಅಲ್ಲಿ ಬುದ್ಧನಿಗಿಂತ ಮೊದಲೇ ಕನ್ಫ್ಯೂಷಿಯಸ್ ಇದ್ದ, ಲಾವೋತ್ಸೆ ಇದ್ದ; ಎಲ್ಲಕ್ಕಿಂತ ಮೊದಲು ಹಿರಿಯರ ಪೂಜೆ ಇತ್ತು. ತಲೆ ಬೋಳಿಸಿ ಮನೆ ಬಿಟ್ಟು ಹೋಗುವ ಮಗ ಅವರ ಕಣ್ಣಿಗೆ ಹೆತ್ತವರ ಋಣ ತೀರಿಸದವನು. ಮಗ ಗಳಿಸಿದ ಪುಣ್ಯ ಹೆತ್ತವರಿಗೂ ಸಲ್ಲುತ್ತದೆ ಎಂದು ಹೇಳಿಕೊಟ್ಟ ಮೇಲೆಯೇ ಬೌದ್ಧಧರ್ಮ ಅಲ್ಲಿ ಬೇರುಬಿಟ್ಟದ್ದು. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಅಲ್ಲಿ ‘ಮುಲಿಯನ್’ ಆಗಿ, ಪ್ರೇತಲೋಕದಲ್ಲಿ ಹಸಿದ ತಾಯಿಯನ್ನು ಉಳಿಸುವ ಮಗನಾಗಿ ಮನೆಮನೆಯ ಕಥೆಯಾದ. ಅವಲೋಕಿತೇಶ್ವರ, ಅಂದರೆ ಮಂಗಳೂರಿನ ಕದ್ರಿಯಲ್ಲಿ 968ರಲ್ಲಿ ಸ್ಥಾಪನೆಯಾದ ಲೋಕೇಶ್ವರನ ಮೂಲರೂಪವೇ, ಅಲ್ಲಿ ಕ್ರಮೇಣ ಗುವಾನ್‌ಯಿನ್ ಎಂಬ ತಾಯಿಯಾದ. ಶ್ರಮಣ ‘ಷಾಮೆನ್’ ಆದ, ಧ್ಯಾನ ‘ಚಾನ್’ ಆಯಿತು, ಜಪಾನಿಗೆ ದಾಟಿ ‘ಝೆನ್’ ಆಯಿತು. ಬೆಳಗಾವಿಯ ಖಡೇ ಬಜಾರಿನ ಅಂಗಡಿಗಳಲ್ಲಿ ‘ಲಾಫಿಂಗ್ ಬುದ್ಧ’ ಎಂದು ಮಾರುವ ಡೊಳ್ಳುಹೊಟ್ಟೆಯವನು ಬುದ್ಧನೇ ಅಲ್ಲ. ಬಟ್ಟೆಯ ಗಂಟು ಹೊತ್ತು ತಿರುಗುತ್ತಿದ್ದ 10ನೆಯ ಶತಮಾನದ ಬೂದಾಯ್ ಎಂಬ ಭಿಕ್ಷು, ಮುಂದೆ ಬರಲಿರುವ ಮೈತ್ರೇಯನ ಅವತಾರವೆಂದು ಜನ ನಂಬಿದವನು.

ನವೆಂಬರಿನಲ್ಲಿ ಷಿಯಾನ್‌ನ ದಾ ಚಿಯನ್ ಮಠದ ಬಾಗಿಲಲ್ಲಿ ನಿಂತಾಗ ಚಳಿಗೆ ಬೆರಳು ಮರಗಟ್ಟಿದ್ದವು. ಹೊಸ್ತಿಲು ಎತ್ತರ, ಅದನ್ನು ತುಳಿಯದೆ ದಾಟಬೇಕು; ಇದನ್ನು ನಮ್ಮ ಗುಂಪಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ರಾಜಕುಮಾರನೊಬ್ಬ ತೀರಿಹೋದ ತಾಯಿಗಾಗಿ 648ರಲ್ಲಿ ಕಟ್ಟಿಸಿದ ಮಠ ಇದು. ಪಲಾಶಿಕೆಯ ಜಿನಾಲಯ ನೆನಪಾಯಿತು. ಇದೇ ಅಂಗಳದಲ್ಲಿ 652ರಲ್ಲಿ, ಹ್ಯೂಯೆನ್ ತ್ಸಾಂಗ್ ತಂದ ಗ್ರಂಥಗಳನ್ನು ಕಾಪಾಡಲು ಗೋಪುರ ಎದ್ದಿತು. ಅದರ ದಕ್ಷಿಣದ ಬಾಗಿಲಿನ ಎರಡೂ ಬದಿಗೆ 653ರ ಎರಡು ಶಾಸನಗಳಿವೆ. ತಂದೆ ಸಾಮ್ರಾಟನ ಮಾತು ಒಂದರಲ್ಲಿ, ಮಗ ಸಾಮ್ರಾಟನದು ಇನ್ನೊಂದರಲ್ಲಿ. ಒಂದರ ಸಾಲುಗಳು ಬಲದಿಂದ ಎಡಕ್ಕೆ, ಇನ್ನೊಂದರವು ಎಡದಿಂದ ಬಲಕ್ಕೆ. ಬಾಗಿಲ ನಡುವೆ ನಿಂತರೆ ಎರಡೂ ಶಾಸನಗಳು ಒಂದನ್ನೊಂದು ನೋಡಿ ಮಾತಾಡುವಂತೆ ಕಾಣುತ್ತವೆ. ಒಂದಕ್ಷರ ಓದಲು ಬಾರದಿದ್ದರೂ ಅರ್ಧ ಗಂಟೆ ಅಲ್ಲಿಂದ ಕದಲಲಾಗಲಿಲ್ಲ.

ಲುವೊಯಾಂಗ್‌ನ ಶ್ವೇತಾಶ್ವ ಮಠ ಚೀನಾದ ಮೊದಲ ಬೌದ್ಧ ಮಠವೆಂದು ಪ್ರತೀತಿ, ಕಾಲ ಕ್ರಿ.ಶ. 68 ಎನ್ನುತ್ತಾರೆ. ಭಾರತ ಅಲ್ಲಿ ಕಟ್ಟಿಸಿಕೊಟ್ಟ, ಸಾಂಚಿಯ ಮಾದರಿಯ ಸ್ತೂಪವೂ ಇದೆ. 2010ರಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದ್ದು. ಜೊತೆಗಾರರು ಅತ್ತ ಹೋದಾಗ ನಾನು ಮೊದಲ ಮಂಟಪದಲ್ಲೇ ಉಳಿದೆ. ಬಾಗಿಲಿಗೆ ಮುಖ ಮಾಡಿ ನಗುವ ಮೈತ್ರೇಯ. ಅವನ ಬೆನ್ನ ಹಿಂದೆ, ಒಳಗಿನ ಬುದ್ಧನ ಕಡೆ ತಿರುಗಿ, ಚೀನೀ ದಂಡನಾಯಕನ ಕವಚ ತೊಟ್ಟ ತರುಣ ನಿಂತಿದ್ದಾನೆ. ಹೆಸರು ವೇಯ್‌ತುವೊ, ಮಠದ ಕಾವಲುಗಾರ. ಸ್ಕಂದನೇ ಚೀನಾದಲ್ಲಿ ಈ ರೂಪ ತಾಳಿದ್ದಾನೆಂದು ವಿದ್ವಾಂಸರು ಗುರುತಿಸುತ್ತಾರೆ. ಅವನು ದಂಡ ಹಿಡಿದ ಬಗೆ ನೋಡಿದರೆ ಆ ಮಠದಲ್ಲಿ ಅಲೆಮಾರಿ ಭಿಕ್ಷುವಿಗೆ ಊಟ-ವಸತಿ ಸಿಗುತ್ತದೋ ಇಲ್ಲವೋ ತಿಳಿಯುತ್ತಿತ್ತೆಂದು ಅಲ್ಲಿನ ಜನ ಹೇಳುವುದುಂಟು. ಹಲಸಿಯ ತಾಮ್ರಪಟದ ಮಹಾಸೇನ, ಮಳೆಗಾಲದ ಯತಿಗಳ ಊಟ, ಎರಡೂ ಒಟ್ಟಿಗೇ ಮನಸ್ಸಿಗೆ ಬಂದವು.

“ಇವ ಯಾರ್ರೀ ಅಕ್ಕಾರ?” ಎಂದು ಜೊತೆಗಾರರೊಬ್ಬರು ಕೇಳಿದರು. ನಾಲ್ಕು ತಿಂಗಳ ಹಿಂದಾಗಿದ್ದರೆ “ನಮ್ಮವ” ಎಂದುಬಿಡುತ್ತಿದ್ದೆ. ಈಗ ಕವಚದಿಂದ ಶುರುಮಾಡಿ ಹೇಳಿದೆ: ಇಲ್ಲಿನವರು ಅವನಿಗೆ ಏನು ತೊಡಿಸಿದರು, ಯಾವ ಕೆಲಸಕ್ಕೆ ನಿಲ್ಲಿಸಿದರು, ಅವನ ಹಳೆಯ ಹೆಸರು ಎಲ್ಲಿಯದು. ಆ ಕಥೆಯಲ್ಲಿ ಹಲಸಿ ಬಂದದ್ದು ಕೊನೆಗೆ.

ಊರಿಗೆ ಬಂದು ಫೋಟೋ ತೋರಿಸಿದಾಗ ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಷಣ್ಮುಖ ಅಂತೀದಿ. ನವಿಲ ಎಲ್ಲೈತೆವ್ವಾ?”

ಮರುದಿನವೇ ಮತ್ತೆ ಗ್ರಂಥಾಲಯಕ್ಕೆ ಹೋದೆ. ಉತ್ತರ ಚೀನಾದ ದಾತೊಂಗ್ ನಗರದ ಹತ್ತಿರ ಯುನ್‌ಗಾಂಗ್ ಎಂಬಲ್ಲಿ ಗುಹೆಗಳಿವೆ. 5ನೆಯ ಶತಮಾನದ ಕೊನೆಯ ಹೊತ್ತಿಗೆ ಕೊರೆದ 8ನೆಯ ಗುಹೆಯ ಬಾಗಿಲಿನ ಒಂದು ಬದಿಗೆ, ಐದು ತಲೆ ಆರು ಕೈಗಳವನೊಬ್ಬ ನವಿಲಿನಂಥ ಹಕ್ಕಿಯ ಮೇಲೆ ಕುಳಿತಿದ್ದಾನೆ. ಕುಮಾರನೆಂದು ಅವನನ್ನು ಗುರುತಿಸುತ್ತಾರೆ. ಎದುರು ಬದಿಗೆ ಎತ್ತಿನ ಮೇಲೆ ಮಹೇಶ್ವರ. ಹಲಸಿಯ ಗರ್ಭಗುಡಿಗಳ ಹಾಗೆ ಅವರಿಬ್ಬರೂ ಎದುರುಬದುರು. ನಮ್ಮ ಬಸ್ಸು ಆ ಕಡೆ ಹೋಗಿರಲಿಲ್ಲ. ಆ ಪುಟದ ನಕಲು ತೆಗೆಸಿಕೊಂಡು ಸಂಜೆಯ ಬಸ್ಸಿಗೆ ನಂದಗಡಕ್ಕೆ ಹೊರಟೆ.