ರವದಿ ಸುಡುವ ಮುನ್ನ ಒಂದು ಲೆಕ್ಕ

ನಮ್ಮ ಕಬ್ಬಿನ ಹೊಲದಲ್ಲಿ ಕಟಾವಾದ ಮೇಲೆ ಉಳಿಯುವ ಒಣ ಸೋಗೆಗೆ, ಅಂದರೆ ರವದಿಗೆ, ಬೆಂಕಿ ಹಚ್ಚುವುದಿಲ್ಲ. ಟ್ರ್ಯಾಕ್ಟರ್‌ಗೆ ಜೋಡಿಸಿದ ಯಂತ್ರ ತರಿಸಿ ಅದನ್ನು ಅಲ್ಲೇ ಪುಡಿ ಮಾಡಿಸುತ್ತೇವೆ. ಯಂತ್ರ ಬಾಡಿಗೆಯದು. "ನೀವ ಒಂದ ತಗೊಂಡಬಿಡ್ರಿ, ಸಬ್ಸಿಡಿ ಐತಲ್ಲ" ಎಂದು ಪಕ್ಕದ ಹೊಲದವರು ಹೇಳುತ್ತಲೇ ಇರುತ್ತಾರೆ. ನಾನು ಕೊಂಡಿಲ್ಲ. ಕಾರಣ ಇಷ್ಟೇ.

ಯಂತ್ರಕ್ಕೆ 2 ಲಕ್ಷ ರೂಪಾಯಿ ಬಿತ್ತು ಎಂದು ಹಿಡಿಯಿರಿ. ನೂರಕ್ಕೆ 10ರಂತೆ ಬಡ್ಡಿ 20,000. ಹತ್ತು ವರ್ಷ ಬಾಳುತ್ತದೆ ಎಂದರೆ ಸವಕಳಿ ಇನ್ನೊಂದು 20,000. ಡೀಸೆಲ್, ಡ್ರೈವರ್ ಕೂಲಿ, ಬ್ಲೇಡು ಸೇರಿಸುವ ಮೊದಲೇ ವರ್ಷಕ್ಕೆ 40,000. ಐದೆಕರೆ ಕಬ್ಬಿನವನಿಗೆ ವರ್ಷದಲ್ಲಿ ಹತ್ತು ತಾಸಿನ ಕೆಲಸ. ತಾಸಿಗೆ 4,000 ಆಯಿತು! ಅರ್ಧ ಸಬ್ಸಿಡಿ ಸಿಕ್ಕರೂ 2,000. ಅದೇ ಯಂತ್ರ ಊರೆಲ್ಲ ಸುತ್ತಿ 200 ತಾಸು ದುಡಿದರೆ, ಸಬ್ಸಿಡಿ ಇಲ್ಲದೆಯೂ, ತಾಸಿಗೆ 200 ರೂಪಾಯಿ. ಹಾಗಾಗಿ ಬಾಡಿಗೆಗೆ ತರಿಸಿ, ಇಲ್ಲವೇ ನಾಲ್ಕಾರು ಮನೆಯವರು ಕೂಡಿ ಕೊಳ್ಳಿ. ಯಂತ್ರ ಬಾಡಿಗೆಗೆ ಕೊಡಲೆಂದು 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಮೊದಲು ಅಲ್ಲಿ ವಿಚಾರಿಸಿ.

ಇನ್ನು ಲಾಭ. ಹೆಕ್ಟೇರಿಗೆ 8ರಿಂದ 10 ಟನ್, ಅಂದರೆ ಎಕರೆಗೆ 3ರಿಂದ 4 ಟನ್ ಒಣ ರವದಿ ಬೀಳುತ್ತದೆ. ಸುಟ್ಟರೆ ಅದರೊಳಗಿನ ಸಾರಜನಕ ಹೆಚ್ಚುಕಡಿಮೆ ಎಲ್ಲವೂ ಗಾಳಿಗೆ. ಆದರೆ ಬೆಲೆ ಕಟ್ಟಿದರೆ ಅದು 45 ಕೆ.ಜಿ.ಯ ಒಂದು ಚೀಲ ಯೂರಿಯಾಕ್ಕೂ ಸಮವಾಗದು. ಪುಡಿಯಾದ ರವದಿ ಬೇಗ ಕೊಳೆಯಲಿ ಎಂದು ಮೇಲೊಂದಿಷ್ಟು ಯೂರಿಯಾ ನಾವೇ ಚೆಲ್ಲಬೇಕು. ಗೊಬ್ಬರ ಉಳಿಯುತ್ತದೆ ಎಂಬ ಒಂದೇ ಮಾತಿಗೆ ಯಂತ್ರ ಕರೆಸಿದವರಿಗೆ ಮೊದಲ ವರ್ಷ ನಿರಾಸೆಯಾಗುವುದು ಇಲ್ಲೇ.

ದುಡ್ಡು ಉಳಿಯುವುದು ಕಳೆ ಮತ್ತು ನೀರಿನಲ್ಲಿ. ಕುಳೆ ಕಬ್ಬಿನ ಸಾಲುಗಳ ನಡುವೆ ಹಾಸಿದ ಪುಡಿ ಕಳೆಯನ್ನು ಅದುಮುತ್ತದೆ, ತೇವ ಹಿಡಿಯುತ್ತದೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳುವ ಅಥಣಿ, ರಾಯಬಾಗ, ಕಾಗವಾಡದ ರೈತನಿಗೆ ಒಂದು ಸರದಿ ತಡವಾದರೂ ಬೆಳೆ ತಡೆದುಕೊಂಡರೆ ಅದರ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹೊಲದಲ್ಲಿ ಬಾಡಿಗೆ ಹಣ ತಿರುಗಿ ಬಂದದ್ದು ಕಳೆ ತೆಗೆಸುವ ಕೂಲಿಯಲ್ಲಿ.

ಅಥಣಿ ಕಡೆಯ ದ್ರಾಕ್ಷಿ ತೋಟದಲ್ಲಿ ಏಪ್ರಿಲ್, ಅಕ್ಟೋಬರ್ ಚಾಟ್ನಿಗೆ ಬೀಳುವ ಕಡ್ಡಿಗೂ, ಬದುವಿನ ಟೊಂಗೆಗಳಿಗೂ ಇದೇ ಲೆಕ್ಕ. ತಂತಿಯ ತುಂಡು ಮಾತ್ರ ಆರಿಸಿ ತೆಗೆಯಿರಿ, ಬ್ಲೇಡು ಉಳಿಯುತ್ತದೆ. ರೋಗ ತಗುಲಿದ ಕಡ್ಡಿ ತೋಟದಲ್ಲಿ ಉಳಿಯಕೂಡದು.

ಬಾಡಿಗೆ ಮಾತಾಡುವಾಗ ಒಂದು ಷರತ್ತು ಹಾಕಿ. ಟ್ರ್ಯಾಕ್ಟರ್‌ನಿಂದ ಯಂತ್ರಕ್ಕೆ ಹೋಗುವ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಧೋತರದ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ ಬಿಡಿಸಿಕೊಳ್ಳಲು ಪುರಸೊತ್ತು ಸಿಗದು. ಶಾಫ್ಟ್‌ಗೆ ಕವಚವಿಲ್ಲದ ಯಂತ್ರ ಎಷ್ಟೇ ಅಗ್ಗಕ್ಕೆ ಬಂದರೂ ಹೊಲಕ್ಕೆ ಇಳಿಸಬೇಡಿ.